ಎದುರುಗಾಳಿಗೆ ಚೀನೀ ಹಾಯಿ

14ನೆಯ ಶತಮಾನದಲ್ಲಿ ಹೊನ್ನಾವರದ ಮಾರ್ಗವಾಗಿ ಕಲ್ಲಿಕೋಟೆಗೆ ಬಂದ ಇಬ್ನ್ ಬತೂತನು ಅಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದುದನ್ನು ಕಂಡನು. ಅವುಗಳ ಹಾಯಿಗಳನ್ನು ಬಿದಿರ ಸೀಳುಗಳಿಂದ ಚಾಪೆಯಂತೆ ಹೆಣೆದಿದ್ದರೆಂದು ಬರೆದಿದ್ದಾನೆ. ಜಂಕ್ ಎಂದು ಹೆಸರಾದ ಈ ಹಡಗುಗಳ ಹಾಯಿಗೆ ಉದ್ದಕ್ಕೂ ಅಡ್ಡಪಟ್ಟಿಗಳಿರುತ್ತವೆ; ಗಾಳಿ ಬಿರುಸಾದರೆ ಮಡಿಕೆ ಮಡಿಕೆಯಾಗಿ ಇಳಿಸಿಕೊಳ್ಳಬಹುದು. ಇಷ್ಟು ಸುಲಭದ ಹಾಯಿಗೆ ಒಂದು ಅಪವಾದ ಅಂಟಿಕೊಂಡಿದೆ: ಎದುರುಗಾಳಿಯಲ್ಲಿ ಅದು ಸೋಲುತ್ತದೆ ಎಂದು.

ಯಾವ ಹಾಯಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು. ಹಾಗೆ ಸಾಗುವಾಗ ಹಾಯಿಯು ಹಕ್ಕಿಯ ರೆಕ್ಕೆಯಂತೆ ತುಸು ಉಬ್ಬಿರಬೇಕು.

ಈ ಅಪವಾದಕ್ಕೆ 1960ರಲ್ಲಿ ಒಂದು ಪರೀಕ್ಷೆ ನಡೆಯಿತು. ಇಂಗ್ಲೆಂಡಿನ ಪ್ಲಿಮತ್‌ನಿಂದ ನ್ಯೂಯಾರ್ಕಿಗೆ ಒಂಟಿ ನಾವಿಕರ ಪಂದ್ಯ. ದಾರಿಯಲ್ಲಿ ಬಹುಪಾಲು ಪಡುವಣ ಗಾಳಿಯೇ ಎದುರು. ಬ್ಲಾಂಡಿ ಹ್ಯಾಸ್ಲರ್ ತನ್ನ 'ಜೆಸ್ಟರ್' ದೋಣಿಗೆ ಚೀನೀ ಹಾಯಿ ಕಟ್ಟಿ ಹೊರಟನು. ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ಮೊದಲಿಗನಾಗಿ ಮುಟ್ಟಿದನು. ಹ್ಯಾಸ್ಲರ್ 48 ದಿನಗಳಲ್ಲಿ ಎರಡನೆಯವನಾದನು. ಹಾಗಾದರೆ ಹಾಯಿ ಸೋತಿತೆ? ಚಿಚೆಸ್ಟರನ ದೋಣಿ ಸುಮಾರು 40 ಅಡಿ, ಹ್ಯಾಸ್ಲರನದು ಸುಮಾರು 25 ಅಡಿ. ಉದ್ದದ ದೋಣಿ ಸಹಜವಾಗಿಯೇ ವೇಗದ್ದು. ಹಾಯಿಗಳನ್ನು ತೂಗಬೇಕಾದರೆ ದೋಣಿ ಒಂದೇ ಇರಬೇಕಲ್ಲವೆ?

ಆದರೂ ಅಪವಾದದಲ್ಲಿ ಸತ್ಯಾಂಶ ಇಲ್ಲದಿಲ್ಲ. ಹ್ಯಾಸ್ಲರನ ಮಾದರಿಯ ಹಾಯಿ ಚಪ್ಪಟೆ. ಹೊಲಿಯಲು ಸುಲಭ, ಎದುರುಗಾಳಿಗೆ ಮಂದ. ಮುಂದೆ ಬಂದವರು ಈ ಕೊರತೆಯನ್ನು ಬಗೆಬಗೆಯಾಗಿ ನೀಗಿಸಲೆಳಸಿದರು. ಕೆಲವರು ಬಾಗುವ ಪಟ್ಟಿಗಳನ್ನಿಟ್ಟರು. ಅವು ಮಂದಗಾಳಿಯಲ್ಲಿ ಬಾಗದೆ ಬಿರುಗಾಳಿಯಲ್ಲಿ ಅತಿಯಾಗಿ ಬಾಗಿದವು. ಕೆಲವರು ಪಟ್ಟಿಗೆ ಕೀಲು ಜೋಡಿಸಿದರು. ಉಬ್ಬು ಬಂದಿತು, ಸವೆಯುವ ಭಾಗಗಳೂ ಹೆಚ್ಚಿದವು. ಪಟ್ಟಿಗಳ ನಡುವಣ ಒಂದೊಂದು ಬಟ್ಟೆಯನ್ನೂ ಉಬ್ಬುವಂತೆ ಹೊಲಿದವರು ಹೆಚ್ಚು ಗೆದ್ದರು. ಇನ್ನು ಕೆಲವರು ಕೂವೆಮರದ ಮುಂದಿನ ಭಾಗವನ್ನು ಸೀಳಿ, ಪುಟ್ಟ ಮುಂಗಾಯಿಗಳಂತೆ ಮಾಡಿದರು. ಇದೂ ಎದುರುಗಾಳಿಗೆ ಒಳ್ಳೆಯದು, ಹೊಲಿಗೆ ಮಾತ್ರ ತೊಡಕು.

ಇವೆಲ್ಲ ಹೇಳುವುದಿಷ್ಟೆ: ದೋಷವಿದ್ದುದು ಚಪ್ಪಟೆಯ ಬಟ್ಟೆಯಲ್ಲಿ, ಅಡ್ಡಪಟ್ಟಿಯ ಹಾಯಿಯಲ್ಲಲ್ಲ. ಬಟ್ಟೆಯನ್ನು ಬದಲಿಸಿದವರೂ ಪಟ್ಟಿಗಳನ್ನು ಬಿಡಲಿಲ್ಲ. ಬಿಡದಿದ್ದುದಕ್ಕೆ ಕಾರಣ ಹ್ಯಾಸ್ಲರನ ಪಯಣದಲ್ಲೇ ಇದೆ. ಅಟ್ಲಾಂಟಿಕ್ ಸಾಗರದ ನಡುವೆ ಹಾಯಿ ಕುಗ್ಗಿಸಲು ಅವನು ತೊಯ್ದ ಅಟ್ಟದ ಮೇಲೆ ತೆವಳಬೇಕಾಗಿರಲಿಲ್ಲ. ನಡುವಣ ದುಂಡು ಕಿಂಡಿಯಲ್ಲಿ ನಿಂತು ಹಗ್ಗ ಸಡಿಲಿಸಿದರೆ ಸಾಕಾಗಿತ್ತು. ಒಂಟಿ ನಾವಿಕನಿಗೆ ಅದು ಎಂಟು ದಿನಗಳಿಗಿಂತ ಕಡಿಮೆಯ ಲಾಭವೇನಲ್ಲ.