ಬಾಹ್ಯ ಹಾರ್ಡ್ ಡಿಸ್ಕ್ ದೋಷ ನಿವಾರಣೆ

ಬಾಹ್ಯ ಹಾರ್ಡ್ ಡಿಸ್ಕ್ ಎಂಬುದು ಗಣಕಯಂತ್ರದ ಹೊರಗಿದ್ದು, ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ ಮೂಲಕ ಅದಕ್ಕೆ ಜೋಡಣೆಯಾಗುವ ದತ್ತಾಂಶ ಸಂಗ್ರಹಣಾ ಸಾಧನವಾಗಿದೆ. ಮನೆಗಳಲ್ಲಿ ಛಾಯಾಚಿತ್ರ, ವಿಡಿಯೊ ಹಾಗೂ ದಾಖಲೆಪತ್ರಗಳನ್ನು ಕಾಪಿಡಲು ಇದನ್ನು ಬಳಸುತ್ತಾರೆ. ಜೋಡಿಸಿದ ಡಿಸ್ಕನ್ನು ಗಣಕಯಂತ್ರವು ಗುರುತಿಸದಿರುವುದು, ಕಡತಗಳು ತೆರೆಯದಿರುವುದು, ನಕಲು ಮಾಡುವಾಗ ನಡುವೆಯೇ ಸಂಪರ್ಕ ಕಡಿದುಹೋಗುವುದು ಇದರಲ್ಲಿ ಕಂಡುಬರುವ ಸಾಮಾನ್ಯ ದೋಷಗಳು. ಕೆಟ್ಟ ಡಿಸ್ಕಿಗೆ ಬದಲಾಗಿ ಹೊಸದನ್ನು ಕೊಳ್ಳಬಹುದು. ಅದರೊಳಗಿನ ಮಾಹಿತಿಯನ್ನು ಕೊಳ್ಳಲಾಗದು. ಆದ್ದರಿಂದ ಮೊದಲು ಮಾಹಿತಿಯನ್ನು ಉಳಿಸಿಕೊಂಡು, ಅನಂತರ ಡಿಸ್ಕಿನ ದುರಸ್ತಿಗೆ ತೊಡಗುವುದು ದೋಷ ನಿವಾರಣೆಯ ಮೂಲ ನಿಯಮವಾಗಿದೆ.

ರಚನೆ

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವಿರುವ ದುಂಡನೆಯ ತಟ್ಟೆಗಳಿರುತ್ತವೆ. ಅನೇಕ ಬಾಹ್ಯ ಡಿಸ್ಕುಗಳಲ್ಲಿ ಇವು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಮಾಹಿತಿಯನ್ನು ಓದಿ ಬರೆಯುವ ಹೆಡ್ ಎಂಬ ಭಾಗವು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ಚಲಿಸುತ್ತದೆ. ಧೂಳಿನ ಒಂದು ಕಣವೂ ಈ ಅಂತರಕ್ಕಿಂತ ಬಹಳ ದೊಡ್ಡದು. ಹೊರಕವಚದೊಳಗೆ ಡಿಸ್ಕಿಗೂ ಯುಎಸ್‌ಬಿ ಕೇಬಲ್‌ಗೂ ನಡುವೆ ಸೇತುವೆಯಂತೆ ಕೆಲಸ ಮಾಡುವ ಸರ್ಕಿಟ್ ಬೋರ್ಡ್ ಇರುತ್ತದೆ. ಹೀಗೆ ದೋಷವು ಕೇಬಲ್, ವಿದ್ಯುತ್ ಪೂರೈಕೆ, ಸರ್ಕಿಟ್ ಬೋರ್ಡ್, ಕಡತ ವ್ಯವಸ್ಥೆ ಅಥವಾ ಡಿಸ್ಕಿನ ಯಂತ್ರಭಾಗ, ಈ ಐದರಲ್ಲಿ ಎಲ್ಲಿಯಾದರೂ ಇರಬಹುದು.

ಡಿಸ್ಕ್ ಕಾಣಿಸಿಕೊಳ್ಳದಿದ್ದಾಗ

ಮೊದಲು ಪರೀಕ್ಷಿಸಬೇಕಾದುದು ಕೇಬಲ್. ಪದೇಪದೇ ಮಡಚುವುದರಿಂದ ಅದರ ಒಳತಂತಿಗಳು ತುಂಡಾಗುತ್ತವೆ. ಹೊರನೋಟಕ್ಕೆ ಇದು ತಿಳಿಯುವುದಿಲ್ಲ. ಬೇರೆ ಕೇಬಲ್, ಬೇರೆ ಯುಎಸ್‌ಬಿ ಪೋರ್ಟ್, ಸಾಧ್ಯವಾದರೆ ಬೇರೊಂದು ಗಣಕಯಂತ್ರ, ಈ ಕ್ರಮದಲ್ಲಿ ಒಂದೊಂದನ್ನೇ ಬದಲಿಸಿ ನೋಡಬೇಕು. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ದೋಷ ಎಲ್ಲಿತ್ತೆಂಬುದು ಗೊತ್ತಾಗುವುದಿಲ್ಲ.

ಎರಡನೆಯದು ವಿದ್ಯುತ್. 2.5 ಇಂಚಿನ ಸಣ್ಣ ಡಿಸ್ಕುಗಳು ಯುಎಸ್‌ಬಿ ಪೋರ್ಟಿನಿಂದಲೇ ವಿದ್ಯುತ್ ಪಡೆಯುತ್ತವೆ. ಮಾನದಂಡದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್ ಪೂರೈಸುತ್ತದೆ. ಹಳೆಯ ಪೋರ್ಟ್, ಉದ್ದನೆಯ ಕೇಬಲ್ ಅಥವಾ ಸ್ವಂತ ವಿದ್ಯುತ್ ಇಲ್ಲದ ಹಬ್ ಬಳಸಿದಾಗ ಡಿಸ್ಕ್ ತಿರುಗಲು ಬೇಕಾದಷ್ಟು ವಿದ್ಯುತ್ ಸಿಗದೆ ಹೋಗಬಹುದು. 3.5 ಇಂಚಿನ ಡಿಸ್ಕುಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಅದು ಕೆಟ್ಟಿದ್ದರೆ ಡಿಸ್ಕ್ ಚೆನ್ನಾಗಿದ್ದರೂ ಸತ್ತಂತೆ ತೋರುತ್ತದೆ. ಬೇರೆ ಸಾಧನದ ಅಡಾಪ್ಟರನ್ನು ವೋಲ್ಟೇಜ್ ನೋಡದೆ ಜೋಡಿಸಬಾರದು.

ಇಷ್ಟಾದರೂ ಡಿಸ್ಕ್ ಕಾಣಿಸದಿದ್ದರೆ ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್, ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿ ತೆರೆದು ನೋಡಬೇಕು. ಅಲ್ಲಿ ಡಿಸ್ಕ್ ಇದ್ದು, ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ಅಕ್ಷರವನ್ನು ನೀಡಿದೊಡನೆ ಅದು ತೆರೆಯಬಹುದು. ಇದರಿಂದ ಮಾಹಿತಿಗೆ ಹಾನಿಯಿಲ್ಲ.

ಕಾಣಿಸಿಕೊಂಡರೂ ತೆರೆಯದಿದ್ದಾಗ

ಬಳಸುವ ಮೊದಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆಂದು ಗಣಕಯಂತ್ರವು ಕೆಲವೊಮ್ಮೆ ಸೂಚಿಸುತ್ತದೆ. ಮಾಹಿತಿ ಬೇಕೆನ್ನುವವರು ಇದಕ್ಕೆ ಒಪ್ಪಬಾರದು. ಕಡತ ವ್ಯವಸ್ಥೆ ಎಂಬುದು ಪುಸ್ತಕದ ಪರಿವಿಡಿಯಂತೆ. ಪರಿವಿಡಿ ಹರಿದಿದ್ದರೂ ಪುಟಗಳು ಉಳಿದಿರಬಹುದು. ತ್ವರಿತ ಫಾರ್ಮ್ಯಾಟ್ ಹೊಸ ಪರಿವಿಡಿಯನ್ನಷ್ಟೇ ಬರೆಯುತ್ತದೆ. ಆದರೆ ವಿಂಡೋಸ್ ವಿಸ್ಟಾ ಮತ್ತು ಅನಂತರದ ಆವೃತ್ತಿಗಳಲ್ಲಿ ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗದ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಆಮೇಲೆ ಏನನ್ನೂ ಮರಳಿ ಪಡೆಯಲಾಗದು.

ವಿಂಡೋಸ್‌ನ ಚೆಕ್ ಡಿಸ್ಕ್, ಮ್ಯಾಕ್‌ನ ಫಸ್ಟ್ ಏಡ್ ಕಡತ ವ್ಯವಸ್ಥೆಯನ್ನು ಸರಿಪಡಿಸುವ ಸಲಕರಣೆಗಳು. ಇವು ದುರಸ್ತಿಗಾಗಿ ಡಿಸ್ಕಿನ ಮೇಲೆಯೇ ಬರೆಯುತ್ತವೆ. ಸವೆದುಹೋಗುತ್ತಿರುವ ಡಿಸ್ಕಿನ ಮೇಲೆ ಇವುಗಳನ್ನು ನಡೆಸಿದರೆ ಹಾನಿ ಹೆಚ್ಚಬಹುದು. ಆದ್ದರಿಂದ ಓದಲು ಸಿಗುವ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಸ್ಮಾರ್ಟ್ ಎಂಬ ಸ್ವಯಂಪರೀಕ್ಷಾ ವ್ಯವಸ್ಥೆಯು ಡಿಸ್ಕಿನ ಆರೋಗ್ಯವನ್ನು ದಾಖಲಿಸುತ್ತದೆ. ಅದರಲ್ಲಿ ಕೆಟ್ಟ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ಆ ಡಿಸ್ಕನ್ನು ಮುಂದೆ ನಂಬಬಾರದು.

ಶಬ್ದ ಮತ್ತು ಯಾಂತ್ರಿಕ ದೋಷ

ಟಿಕ್ ಟಿಕ್ ಎಂಬ ಶಬ್ದ ಒಂದೇ ಸಮನೆ ಕೇಳಿಬಂದರೆ ಹೆಡ್ ತನ್ನ ಸ್ಥಾನವನ್ನು ಕಂಡುಕೊಳ್ಳಲಾಗದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ವಿದ್ಯುತ್ ಸಾಲದಿದ್ದಾಗಲೂ ಇಂಥ ಶಬ್ದ ಬರಬಹುದು. ಆದ್ದರಿಂದ ಒಮ್ಮೆ ಮಾತ್ರ ಬೇರೆ ಪೋರ್ಟ್ ಹಾಗೂ ಕೇಬಲ್ ಬಳಸಿ ನೋಡಬಹುದು. ಶಬ್ದ ನಿಲ್ಲದಿದ್ದರೆ, ಕರಕರ ಎಂದು ಉಜ್ಜುವ ಸದ್ದು ಬಂದರೆ ಅಥವಾ ಡಿಸ್ಕ್ ಕೈಜಾರಿ ಬಿದ್ದಿದ್ದರೆ ಕೂಡಲೇ ವಿದ್ಯುತ್ ತೆಗೆಯಬೇಕು. ತಟ್ಟೆಗಳು ತಿರುಗುತ್ತಿದ್ದಷ್ಟೂ ಹೆಡ್ ಅವುಗಳ ಲೇಪನವನ್ನು ಕೆರೆಯುವ ಅಪಾಯವಿದೆ. ಡಿಸ್ಕನ್ನು ತಟ್ಟುವುದು, ಫ್ರೀಜರಿನಲ್ಲಿಡುವುದು, ಮುಚ್ಚಳ ಬಿಚ್ಚುವುದು ಸಲ್ಲದು. ಇಂಥ ಡಿಸ್ಕುಗಳನ್ನು ಧೂಳುರಹಿತ ಕೊಠಡಿಯುಳ್ಳ ಮಾಹಿತಿ ಮರುಪಡೆ ತಜ್ಞರು ಮಾತ್ರ ತೆರೆಯಬೇಕು.

ದೋಷವೆಂದು ತಪ್ಪಾಗಿ ತಿಳಿಯುವ ಸಂಗತಿಗಳು

* 1 ಟಿಬಿ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ. ತಯಾರಕರು 1,000ದ ಲೆಕ್ಕವನ್ನೂ ವಿಂಡೋಸ್ 1,024ರ ಲೆಕ್ಕವನ್ನೂ ಅನುಸರಿಸುವುದೇ ಇದಕ್ಕೆ ಕಾರಣ.
* ಫ್ಯಾಟ್32 ಕಡತ ವ್ಯವಸ್ಥೆಯಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗದು. ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿಯಿಲ್ಲ.
* ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ. ಹೆಚ್ಚುವರಿ ತಂತ್ರಾಂಶವಿಲ್ಲದೆ ಅದರ ಮೇಲೆ ಬರೆಯುವುದಿಲ್ಲ.
* ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧವಾದ ಕನ್ನಡ ಕಡತಗಳು, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿಬಿಡದೆ, ಫಾಂಟ್ ಅಳವಡಿಸಿ ಅಥವಾ ಯುನಿಕೋಡ್‌ಗೆ ಪರಿವರ್ತಿಸಿ ಓದಬಹುದು.

ಅಳಿಸಿಹೋದ ಮಾಹಿತಿಯ ಮರುಪಡೆ

ಕಡತವನ್ನು ಅಳಿಸಿದಾಗ ಅದರ ಜಾಗ ಖಾಲಿಯೆಂದು ಗುರುತಾಗುತ್ತದೆಯೇ ಹೊರತು ಮಾಹಿತಿ ಕೂಡಲೇ ನಾಶವಾಗುವುದಿಲ್ಲ. ಅದರ ಮೇಲೆ ಹೊಸದನ್ನು ಬರೆಯದಿರುವುದು ಮುಖ್ಯ. ಟೆಸ್ಟ್‌ಡಿಸ್ಕ್ ಮತ್ತು ಫೋಟೊರೆಕ್ ಇದಕ್ಕೆ ನೆರವಾಗುವ ಮುಕ್ತ ತಂತ್ರಾಂಶಗಳು. ಫೋಟೊರೆಕ್ ಹುಡುಕಿದ ಕಡತಗಳಿಗೆ ಸಾಮಾನ್ಯವಾಗಿ ಮೂಲ ಹೆಸರು ಉಳಿದಿರುವುದಿಲ್ಲ. ಮರಳಿ ಪಡೆದುದನ್ನು ಅದೇ ಡಿಸ್ಕಿಗೆ ಬರೆಯಬಾರದು. ತಟ್ಟೆಗಳಿಲ್ಲದ ಎಸ್‌ಎಸ್‌ಡಿ ಸಾಧನಗಳಲ್ಲಿ ಟ್ರಿಮ್ ಎಂಬ ಸೌಲಭ್ಯ ಕೆಲಸ ಮಾಡುತ್ತಿದ್ದರೆ ಅಳಿಸಿದ ಕಡತ ಸಿಗುವ ಸಾಧ್ಯತೆ ಬಹಳ ಕಡಿಮೆ.

ಮುನ್ನೆಚ್ಚರಿಕೆ

ಕೇಬಲ್ ಎಳೆಯುವ ಮೊದಲು ಸುರಕ್ಷಿತವಾಗಿ ತೆಗೆಯುವ ಆಯ್ಕೆಯನ್ನು ಬಳಸಬೇಕು. ಬರೆಯುವ ಕೆಲಸ ಬಾಕಿಯಿರುವಾಗ ಕಿತ್ತರೆ ಕಡತ ವ್ಯವಸ್ಥೆ ಕೆಡುತ್ತದೆ. ಡಿಸ್ಕ್ ತಿರುಗುತ್ತಿರುವಾಗ ಅದನ್ನು ಅಲುಗಾಡಿಸಬಾರದು. ಎಲ್ಲಕ್ಕಿಂತ ಮುಖ್ಯವಾದುದು ಪ್ರತಿಗಳನ್ನು ಇಟ್ಟುಕೊಳ್ಳುವುದು. ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಪ್ರತಿ ಮನೆಯ ಹೊರಗೆ ಎಂಬುದು 3-2-1 ನಿಯಮವೆಂದು ಪ್ರಸಿದ್ಧವಾಗಿದೆ. ಗಣಕಯಂತ್ರದಿಂದ ಅಳಿಸಿ ಬಾಹ್ಯ ಡಿಸ್ಕಿನಲ್ಲಿ ಮಾತ್ರ ಉಳಿಸಿಕೊಂಡ ಕಡತವು ಪ್ರತಿಯಲ್ಲ, ಇರುವ ಒಂದೇ ಮೂಲ. ಅಂಥ ಕಡತಗಳ ಇನ್ನೊಂದು ಪ್ರತಿಯನ್ನು ಡಿಸ್ಕ್ ಸುಸ್ಥಿತಿಯಲ್ಲಿರುವಾಗಲೇ ಮಾಡಿಕೊಳ್ಳಬೇಕು.