ಆರು ಜನ ತಲೆ ಆಡಿಸಿದರೆ ಎಷ್ಟು ಮತ? ಪುಣೆಯ ಮಹಾಭಾರತ ಟೀಮಿನ ಕಥೆ



ಇವತ್ತಿನ ಮಾತು ಟೀಮ್‌ವರ್ಕ್ ಬಗ್ಗೆ. ಹೆದರಬೇಡಿ, ಎಚ್‌ಆರ್ ಟ್ರೈನಿಂಗ್‌ನ ಸ್ಲೈಡ್ ಒಂದೂ ಇಲ್ಲ. ಹಿಂಜವಾಡಿಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ, ಲಾ ಕಾಲೇಜ್ ರಸ್ತೆಯಲ್ಲಿ, ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಇದೆ. ಶನಿವಾರ ವಾಕಡ್ ಬ್ರಿಜ್‌ನ ಟ್ರಾಫಿಕ್ ದಾಟಿಕೊಂಡು ಡೆಕ್ಕನ್ ಕಡೆ ಹೋಗುವ ನಮ್ಮಲ್ಲಿ ಅನೇಕರು ಆ ಗೇಟಿನ ಮುಂದೆಯೇ ಹಾದು ಹೋಗಿರ್ತೀವಿ. ಆ ಕಾಂಪೌಂಡಿನೊಳಗೆ 1919ರಿಂದ 1966ರವರೆಗೆ, ಅಂದರೆ 47 ವರ್ಷ, ಒಂದೇ ಒಂದು ಪ್ರಾಜೆಕ್ಟ್ ನಡೆಯಿತು. ಮಹಾಭಾರತದ ಪರಿಷ್ಕೃತ ಆವೃತ್ತಿ. 1,259 ಹಸ್ತಪ್ರತಿಗಳನ್ನು ಪರಿಶೀಲಿಸಿ ಹೊರಬಂದದ್ದು 19 ಸಂಪುಟ, 15,000ಕ್ಕೂ ಹೆಚ್ಚು ಪುಟ.

ಸಂಸ್ಕೃತ ಪಂಡಿತರ ಕೆಲಸ ನಮಗ್ಯಾಕೆ ಅಂತೀರಾ? ಅವರ ಸಮಸ್ಯೆ ಏನಿತ್ತು ಅಂತ ಒಮ್ಮೆ ಕೇಳಿ.

ಮಹಾಭಾರತಕ್ಕೆ ಮೂಲಪ್ರತಿ ಅನ್ನೋದು ಉಳಿದಿಲ್ಲ. ಉಳಿದಿರೋದು ನಕಲುಗಳು, ನಕಲಿನ ನಕಲುಗಳು. ಕಾಶ್ಮೀರದಲ್ಲಿ ಶಾರದಾ ಲಿಪಿಯಲ್ಲಿ, ನೇಪಾಳದಲ್ಲಿ, ಮಿಥಿಲೆಯಲ್ಲಿ, ಬಂಗಾಳದಲ್ಲಿ, ಇತ್ತ ದಕ್ಷಿಣದಲ್ಲಿ ತೆಲುಗು, ಗ್ರಂಥ, ಮಲಯಾಳಂ ಲಿಪಿಗಳಲ್ಲಿ. ಬರೆದವರೆಲ್ಲ ಒಂದಿಷ್ಟು ತಪ್ಪಿದ್ದಾರೆ, ಒಂದಿಷ್ಟು ತಿದ್ದಿದ್ದಾರೆ, ತಮಗೆ ಗೊತ್ತಿದ್ದ ಒಳ್ಳೆ ಕಥೆಯೊಂದನ್ನು ಮಧ್ಯೆ ಸೇರಿಸಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಮೇನ್ ಬ್ರಾಂಚ್ ಡಿಲೀಟ್ ಆಗಿಹೋಗಿ ಸಾವಿರ ಫೋರ್ಕ್ ಮಾತ್ರ ಉಳಿದಿರುವ ರೆಪೊಸಿಟರಿ. ಕಮಿಟ್ ಹಿಸ್ಟರಿ ಇಲ್ಲ, ಬರೆದವನು ಬದುಕಿಲ್ಲ.

ಈ ಫೋರ್ಕುಗಳನ್ನೆಲ್ಲ ಹೋಲಿಸಿ, ಎಷ್ಟು ಹಿಂದಕ್ಕೆ ಹೋಗಬಹುದೋ ಅಷ್ಟು ಹಿಂದಿನ ಪಾಠವನ್ನು ಕಟ್ಟಬೇಕು ಎನ್ನುವ ಆಸೆ ಮೊದಲು ಹುಟ್ಟಿದ್ದು ಯುರೋಪಿನಲ್ಲಿ. 1897ರಲ್ಲಿ ಪ್ಯಾರಿಸ್‌ನ ವಿದ್ವಾಂಸರ ಸಮ್ಮೇಳನದಲ್ಲಿ ವಿಂಟರ್ನಿಟ್ಸ್ ಇದನ್ನು ಎತ್ತಿದರು. 1908ರಲ್ಲಿ ಹೈನ್ರಿಖ್ ಲ್ಯೂಡರ್ಸ್ ಮಾದರಿಗೆ ಅಂತ ಕೆಲವೇ ಪುಟ ಅಚ್ಚು ಹಾಕಿಸಿದರು. ಆಮೇಲೆ ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. ಅದೇ ಹೊತ್ತಿಗೆ ಇಲ್ಲಿ ಪುಣೆಯಲ್ಲಿ 1917ರಲ್ಲಿ ಭಂಡಾರ್ಕರ್ ಸಂಸ್ಥೆ ಶುರುವಾಗಿತ್ತು. 1918ರಲ್ಲಿ ಔಂಧ್ ಸಂಸ್ಥಾನದ ರಾಜ, ಸ್ವತಃ ಚಿತ್ರಕಾರರಾಗಿದ್ದ ಭವಾನರಾವ್ ಪಂತ ಪ್ರತಿನಿಧಿ, ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಅಂದರು. 1919ರ ಏಪ್ರಿಲ್ 1ರಂದು ವೃದ್ಧ ಆರ್. ಜಿ. ಭಂಡಾರ್ಕರರ ಕೈಯಲ್ಲಿ ಕೆಲಸ ಆರಂಭವಾಯಿತು. ಮುಂದೆ ಹೈದರಾಬಾದಿನ ನಿಜಾಮರೂ ಸಹಾಯ ಮಾಡಿದರು. ಅವರ ಹೆಸರಿನ ಗೆಸ್ಟ್ ಹೌಸ್ ಅಲ್ಲಿ ಈಗಲೂ ಇದೆ. ಆಗ ಕಲಬುರಗಿ, ಬೀದರ್, ರಾಯಚೂರು ನಿಜಾಮರ ಆಳ್ವಿಕೆಯಲ್ಲೇ ಇದ್ದವು. ಹಾಗಾಗಿ ಆ ಗೆಸ್ಟ್ ಹೌಸಿನ ಇಟ್ಟಿಗೆಯಲ್ಲಿ ನಮ್ಮ ಕಡೆಯ ರೈತರು ಕಟ್ಟಿದ ಕಂದಾಯವೂ ಸೇರಿರಬಹುದು ಅಂತ ನನ್ನ ರೂಮ್‌ಮೇಟ್, ಅವನು ಸೇಡಂನವನು, ಎದೆಯುಬ್ಬಿಸಿ ಹೇಳ್ತಾನೆ.

ಮೊದಲ ಹಂತದಲ್ಲಿ ಉಟಗೀಕರ್ ಎಂಬ ಸಂಪಾದಕರು ವಿರಾಟಪರ್ವದ ಒಂದು ತಾತ್ಕಾಲಿಕ ಆವೃತ್ತಿ ತಂದರು, 1923ರಲ್ಲಿ. ಅದನ್ನು ದೇಶ ವಿದೇಶದ ವಿದ್ವಾಂಸರಿಗೆ ಕಳಿಸಿ "ಏನನ್ನಿಸುತ್ತೆ ಹೇಳಿ" ಅಂತ ಕೇಳಿದರು. ಪೂರ್ತಿ ಕಟ್ಟಿ ಮುಗಿಸಿದ ಮೇಲೆ ಅಭಿಪ್ರಾಯ ಕೇಳುವುದು ನಮಗೆಲ್ಲ ಅಭ್ಯಾಸ ಆಗಿದೆ, ಅವರು ಮೊದಲೇ ಕೇಳಿದರು. 1925ರಲ್ಲಿ ಪ್ರಧಾನ ಸಂಪಾದಕರಾಗಿ ಬಂದವರು ವಿಷ್ಣು ಸೀತಾರಾಮ ಸುಕ್ಥಂಕರ್. ಈ ಮನುಷ್ಯ ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ. ಆಮೇಲೆ ಬರ್ಲಿನ್‌ಗೆ ಹೋಗಿ ಅದೇ ಲ್ಯೂಡರ್ಸ್ ಬಳಿ ಸಂಸ್ಕೃತ ಕಲಿತವರು. ಗುರು ಮಾದರಿ ಪುಟಕ್ಕೆ ನಿಲ್ಲಿಸಿದ್ದನ್ನು ಶಿಷ್ಯ ಪುಣೆಯಲ್ಲಿ ಕೈಗೆತ್ತಿಕೊಂಡರು.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಅವರು ಕೆಲಸ ಹೇಗೆ ಮಾಡುತ್ತಿದ್ದರು?

ಒಂದು ದೊಡ್ಡ ಹಾಳೆ, ಅದರ ತುಂಬ ಚೌಕದ ಮನೆಗಳು. ಮೇಲಿನ ಸಾಲಿನಲ್ಲಿ ಪ್ರಚಲಿತ ಪಾಠದ ಶ್ಲೋಕ, ಒಂದೊಂದು ಮನೆಗೆ ಒಂದೊಂದು ಅಕ್ಷರ. ಅದರ ಕೆಳಗೆ ಒಂದೊಂದು ಹಸ್ತಪ್ರತಿಗೆ ಒಂದೊಂದು ಸಾಲು. ಆ ಪ್ರತಿಯಲ್ಲಿ ಯಾವ ಅಕ್ಷರ ಬೇರೆ ಇದೆಯೋ ಅದನ್ನು ಆಯಾ ಮನೆಯಲ್ಲಿ ಬರೆಯುವುದು. ಒಂದು ಶ್ಲೋಕಕ್ಕೆ ಕನಿಷ್ಠ ಹತ್ತು ಹಸ್ತಪ್ರತಿ, ಎಷ್ಟೋ ಕಡೆ ಇಪ್ಪತ್ತು, ಕೆಲವು ಕಡೆ ಮೂವತ್ತು, ನಲವತ್ತು. ಆದಿಪರ್ವದ ಮೊದಲ ಎರಡು ಅಧ್ಯಾಯಗಳಿಗೆ ಅರವತ್ತು. ಡಿಫ್ ಟೂಲ್ ಇಲ್ಲದ ಕಾಲದ ಡಿಫ್ ಇದು.

ಬರೆಯುವವರು ಯಾರು? ಉತ್ತರದ ಶಾಸ್ತ್ರಿಗಳು, ದಕ್ಷಿಣದ ಶಾಸ್ತ್ರಿಗಳು, ಜೊತೆಗೆ ಯೂನಿವರ್ಸಿಟಿ ಪದವೀಧರರು. ಗ್ರಂಥ ಲಿಪಿ ಓದೋಕೆ ಬರುವವನಿಗೆ ಶಾರದಾ ಬರಲ್ಲ, ಶಾರದಾ ಬರುವವನಿಗೆ ತೆಲುಗು ಬರಲ್ಲ. ಆದರೆ ಹಾಳೆ ಎಲ್ಲರಿಗೂ ಒಂದೇ. ಊರು ಬಿಟ್ಟು ಬರಲಾಗದ ಓಲೆಗರಿಗಳಿಗಾಗಿ ಶಾಂತಿನಿಕೇತನದ ವಿಶ್ವಭಾರತಿಯಲ್ಲೂ ತಂಜಾವೂರಿನ ಸರಸ್ವತಿ ಮಹಲಿನಲ್ಲೂ ಇದೇ ಹಾಳೆ, ಇದೇ ನಿಯಮದಲ್ಲಿ ಕೆಲಸ ನಡೆಯಿತು. ಪರ್ವಗಳನ್ನೂ ಹಂಚಿದ್ದರು. ವಿರಾಟಪರ್ವ ಲಾಹೋರಿನ ರಘುವೀರರಿಗೆ, ಉದ್ಯೋಗಪರ್ವ ಢಾಕಾದ ಸುಶೀಲ್ ಕುಮಾರ್ ಡೇ ಅವರಿಗೆ, ಸಭಾಪರ್ವ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ಲಿನ್ ಎಡ್ಜರ್ಟನ್ ಅವರಿಗೆ. ಝೂಮ್ ಇಲ್ಲ, ಸ್ಲ್ಯಾಕ್ ಇಲ್ಲ, ಇದ್ದದ್ದು ಅಂಚೆ. ನಾವು ವಾರಕ್ಕೆ ಹದಿನೈದು ಮೀಟಿಂಗ್ ಮಾಡಿ "ಅಲೈನ್ಮೆಂಟ್ ಇಲ್ಲ" ಅಂತೀವಿ!

ಮತ್ತೊಂದು ನಿಯಮ ಇತ್ತು, ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು. ಒಂದು ಗುಂಪು ತುಂಬಿದ ಹಾಳೆಯನ್ನು ಇನ್ನೊಂದು ಗುಂಪು ಪುನಃ ಮೂಲದ ಜೊತೆ ಹೋಲಿಸಿ ನೋಡಬೇಕು. ಆಮೇಲೇ ಸಂಪಾದಕರ ಮೇಜಿಗೆ. ಬರೆದವನೇ ಪರೀಕ್ಷಿಸುವಂತಿಲ್ಲ. ಎಷ್ಟೇ ದೊಡ್ಡ ಪಂಡಿತ ಆಗಿರಲಿ.

ಸರಿ, ಹತ್ತು ಪ್ರತಿ ಹೋಲಿಸಿದಿರಿ. ಏಳರಲ್ಲಿ ಒಂದು ಪದ, ಮೂರರಲ್ಲಿ ಇನ್ನೊಂದು. ಯಾವುದು ಸರಿ? ನಮ್ಮ ಕೈ ತಕ್ಷಣ ಏಳರ ಕಡೆ ಹೋಗುತ್ತೆ. ಗ್ರಂಥಸಂಪಾದನೆ ಹಾಗೆ ನಡೆಯಲ್ಲ. ಆ ಏಳೂ ಒಂದೇ ಊರಿನ ಒಂದೇ ಪ್ರತಿಯಿಂದ ಇಳಿದ ನಕಲುಗಳಾಗಿದ್ದರೆ, ಅವು ಏಳು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಅದೇ ಕಾಶ್ಮೀರದ ಶಾರದಾ ಪ್ರತಿಯೂ ಕೇರಳದ ಮಲಯಾಳಂ ಪ್ರತಿಯೂ ಒಂದೇ ಪದ ಹೇಳಿದರೆ? ಮಧ್ಯೆ ಇಡೀ ದೇಶ ಇದೆ, ಲಿಪಿ ಬೇರೆ, ಒಬ್ಬರನ್ನೊಬ್ಬರು ನೋಡಿ ಬರೆಯುವ ಸಾಧ್ಯತೆ ಕಡಿಮೆ. ಈ ಎರಡರ ತೂಕ ಆ ಏಳಕ್ಕಿಂತ ಜಾಸ್ತಿ. ಸುಕ್ಥಂಕರ್ ಆದಿಪರ್ವವನ್ನು ಕಟ್ಟಿದ್ದು ಈ ತತ್ವದ ಮೇಲೆ: ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಬಂದ ಸಾಕ್ಷಿಗಳು ಒಪ್ಪಿದರೆ ಅದಕ್ಕೆ ಬೆಲೆ. ತಲೆ ಎಣಿಕೆಗೆ ಅಲ್ಲ.

ಇದನ್ನು ಓದಿದ ದಿನ ನನಗೆ ನೆನಪಾಗಿದ್ದು ನಮ್ಮ ಪ್ಲ್ಯಾನಿಂಗ್ ಮೀಟಿಂಗು. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ, ಹೆಸರು ಬೇಡ, ಹಳೇ ಡೇಟಾಬೇಸ್ ಬದಲಾಯಿಸುವ ಕೆಲಸ ಬಂತು. ಮ್ಯಾನೇಜರ್ ಬಾಯಿಬಿಟ್ಟು "ಎರಡು ಸ್ಪ್ರಿಂಟ್ ಸಾಕಲ್ವಾ?" ಅಂದರು. ಟೇಬಲ್ ಸುತ್ತ ಆರು ಜನ ತಲೆ ಆಡಿಸಿದರು. ಮಿನಿಟ್ಸ್‌ನಲ್ಲಿ ಬರೆದದ್ದು "ಟೀಮ್ ಒಪ್ಪಿದೆ". ಆ ಹಳೇ ಡೇಟಾದ ಒಳಗೆ ಕೈ ಹಾಕಿದ್ದವನು ಒಬ್ಬನೇ, ಎರಡು ವರ್ಷ ಅನುಭವದ ಹುಡುಗ, ಮೂಲೆಯಲ್ಲಿ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ, ಅವನೂ ಬಾಯಿಬಿಡಲಿಲ್ಲ. ಕೆಲಸ ಏಳು ಸ್ಪ್ರಿಂಟ್ ಹಿಡಿಯಿತು. ಶನಿವಾರ ಭಾನುವಾರ ಎಲ್ಲ ಹೋದವು. ಆ ಹುಡುಗ ತಂಗಿಯ ಮದುವೆಗೆ ಹಿಂದಿನ ರಾತ್ರಿ ಹುಬ್ಬಳ್ಳಿ ಬಸ್ ಹತ್ತಿದ, ಧಾರೆಗೆ ಎರಡು ಗಂಟೆ ಮುಂಚೆ ಮನೆ ಮುಟ್ಟಿದ. ಆರು ತಿಂಗಳಲ್ಲಿ ಕೆಲಸ ಬಿಟ್ಟ.

ಸುಕ್ಥಂಕರ್ ಆ ಮಿನಿಟ್ಸ್ ನೋಡಿದ್ದರೆ ಏನು ಬರೆಯುತ್ತಿದ್ದರು? ಆರು ಮತ ಅಂತ ಖಂಡಿತ ಬರೆಯುತ್ತಿರಲಿಲ್ಲ. ಮ್ಯಾನೇಜರ್ ಮಾತಾಡಿದ ಮೇಲೆ ತಲೆ ಆಡಿಸಿದ ಆರು ಜನ ಅಂದರೆ ಒಂದೇ ಓಲೆಗರಿಯ ಆರು ನಕಲು. ಮೂಲೆಯಲ್ಲಿ ಕೂತ ಹುಡುಗನೇ ಕಾಶ್ಮೀರದ ಪ್ರತಿ.

ಈಗ ನಾನಿರುವ ಟೀಮಿನಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೀವಿ. ಯಾರೂ ಮಾತಾಡುವ ಮೊದಲು ಎಲ್ಲರೂ ತಮ್ಮ ಅಂದಾಜನ್ನು ಬರೆದಿಡಬೇಕು, ಕಾರಣ ಒಂದು ಸಾಲು. ಲೀಡ್ ಕೊನೆಗೆ ತೋರಿಸಬೇಕು. ಹೊಸದೇನಲ್ಲ, ಪ್ಲ್ಯಾನಿಂಗ್ ಪೋಕರ್ ಆಡಿದವರಿಗೆ ಗೊತ್ತು. ಆದರೆ ಹೆಚ್ಚು ಕಡೆ ಕಾರ್ಡ್ ತಿರುಗಿಸಿದ ಮೇಲೆ ಸರಾಸರಿ ತೆಗೆದು ಮುಗಿಸಿಬಿಡ್ತಾರೆ. ಬೇರೆ ನಂಬರ್ ಬರೆದವನು ಏನು ಕಂಡ, ಅವನಿಗೆ ಅದು ಎಲ್ಲಿಂದ ಗೊತ್ತಾಯ್ತು ಅಂತ ಕೇಳೋದೇ ಇಲ್ಲ. ನಾವು ಅಲ್ಲಿ ಹತ್ತು ನಿಮಿಷ ನಿಲ್ತೀವಿ. ಮೀಟಿಂಗ್ ಉದ್ದ ಆಗುತ್ತೆ, ನಿಜ. ಕೆಲವರಿಗೆ ಸಿಟ್ಟೂ ಬರುತ್ತೆ.

ಇನ್ನು, ಒಪ್ಪದ ಪಾಠಗಳನ್ನು ಏನು ಮಾಡಿದರು ಅನ್ನೋದು. ಎಸೆಯಲಿಲ್ಲ. ಪ್ರತಿ ಪುಟದಲ್ಲೂ ಮೇಲೆ ಆಯ್ದ ಪಾಠ, ಕೆಳಗೆ ಪಾಠಾಂತರಗಳು, ಯಾವ ಪ್ರತಿಯಲ್ಲಿ ಏನಿದೆ ಎಂಬ ಗುರುತಿನೊಂದಿಗೆ. ಪ್ರಕ್ಷಿಪ್ತ ಅನ್ನಿಸಿದ ಸಾಲುಗಳಿಗೆ ನಕ್ಷತ್ರದ ಗುರುತು ಹಾಕಿ ಅಲ್ಲೇ ಕೆಳಗೆ, ಉದ್ದದ ಭಾಗಗಳು ಅನುಬಂಧಕ್ಕೆ. ತಾವೇ ಆರಿಸಿದ ಪಾಠದ ಬಗ್ಗೆ ತಮಗೇ ಅನುಮಾನ ಇದ್ದರೆ? ಆ ಪದದ ಕೆಳಗೆ ಒಂದು ಅಲೆಯಂಥ ಗೆರೆ. "ಸದ್ಯಕ್ಕೆ ಇದು, ಗ್ಯಾರಂಟಿ ಇಲ್ಲ" ಅಂತ ಅದರ ಅರ್ಥ. ದೊಡ್ಡ ವಿದ್ವಾಂಸರು ಅಚ್ಚಾದ ಪುಸ್ತಕದಲ್ಲಿ, ಪುಟಪುಟದಲ್ಲಿ, ತಮ್ಮ ಅನುಮಾನವನ್ನು ಹೀಗೆ ಬಹಿರಂಗವಾಗಿ ಗುರುತು ಹಾಕಿದ್ದಾರೆ. ನಮ್ಮ ಡಿಸೈನ್ ಡಾಕ್ಯುಮೆಂಟುಗಳಲ್ಲಿ ಎಲ್ಲ ವಾಕ್ಯಕ್ಕೂ ಒಂದೇ ಧೈರ್ಯ ಇರುತ್ತೆ, ಗೊತ್ತಿದ್ದದ್ದಕ್ಕೂ ಊಹಿಸಿದ್ದಕ್ಕೂ.

ಈ ಪದ್ಧತಿಗೆ ಬೆಲೆ ತೆರಬೇಕಾಯಿತು. ವ್ಯಾಸರು ಹೇಳಿದ್ದನ್ನು ಗಣೇಶ ಬರೆದುಕೊಂಡ ಕಥೆ ಗೊತ್ತಲ್ಲ, ಅದು ಮುಖ್ಯ ಪಾಠದಲ್ಲಿಲ್ಲ, ಅನುಬಂಧದಲ್ಲಿದೆ. ಸಭಾಪರ್ವದಲ್ಲಿ ದ್ರೌಪದಿಯ ಸೀರೆ ಬೆಳೆಯುತ್ತಲೇ ಹೋಗುತ್ತೆ, ಆದರೆ ಅವಳು ಕೃಷ್ಣನಿಗೆ ಮೊರೆಯಿಡುವ ಶ್ಲೋಕಗಳು ಅಡಿಟಿಪ್ಪಣಿಗೆ ಇಳಿದಿವೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದವರಿಗೆ ಇದು ಎದೆಗೆ ತಾಗುವ ವಿಷಯ. ನನಗೂ ತಾಗಿತು. ಆದರೆ ಗದುಗಿನ ಭಾರತದ ದ್ರೌಪದಿಯನ್ನು ಇವರು ಕಿತ್ತುಕೊಂಡಿಲ್ಲ, ಅವಳ ಕಾವ್ಯ ಬೇರೆ, ಅವಳ ನ್ಯಾಯ ಬೇರೆ. ಇಲ್ಲಿಯ ಪ್ರಶ್ನೆ ಒಂದೇ, ಯಾವ ಪ್ರತಿಯಲ್ಲಿ ಏನಿತ್ತು. ಒಪ್ಪದವನು ಅದೇ ಪುಟದ ಕೆಳಗಿನ ಟಿಪ್ಪಣಿ ಇಟ್ಟುಕೊಂಡು ಸಂಪಾದಕರ ಜೊತೆ ಜಗಳ ಆಡಬಹುದು.

ಆಡಿದರು ಕೂಡ. ಫ್ರಾನ್ಸಿನ ಸಿಲ್ವಾಂ ಲೆವಿ, ಆ ಕಾಲದ ಬಹುದೊಡ್ಡ ಹೆಸರು, ಹೀಗೆ ಹೊಸ ಪಾಠ ಕಟ್ಟುವುದೇ ಬೇಡ, ಪ್ರಚಲಿತ ಪಾಠವನ್ನೇ ಕೊಟ್ಟು ಕೆಳಗೆ ಪಾಠಾಂತರ ಹಾಕಿ ಸಾಕು ಅಂದರು. ಸುಕ್ಥಂಕರ್ ಸುಮ್ಮನಾಗಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಆಕ್ಷೇಪಗಳನ್ನು ತಮ್ಮ ಲೇಖನಗಳಲ್ಲಿ ಎತ್ತಿಕೊಂಡು ಪುರಾವೆ ಸಮೇತ ಉತ್ತರಿಸಿದರು. 1933ರಲ್ಲಿ ಆದಿಪರ್ವ ಮುಗಿಯಿತು. ಆಮೇಲೆ ನೇಪಾಳದ ರಾಜಗುರು ಹೇಮರಾಜ ಪಂಡಿತರ ಮೂಲಕ ಆದಿಪರ್ವದ ಒಂದು ಬಹಳ ಹಳೆಯ ಹಸ್ತಪ್ರತಿ ಬೆಳಕಿಗೆ ಬಂತು. ಟೀಮು ಅದನ್ನು ನೋಡಿಯೇ ಇರಲಿಲ್ಲ. ಸುಕ್ಥಂಕರ್ ಅದನ್ನು ತಮ್ಮ ಅಚ್ಚಾದ ಪಾಠದ ಜೊತೆ ಹೋಲಿಸಿದರು, ತಾವು ಮಾಡಿದ ಆಯ್ಕೆಗಳಿಗೆ ಅದರಲ್ಲಿ ಬೆಂಬಲ ಸಿಕ್ಕಿತು. ರಿಲೀಸ್ ಆದ ಮೇಲೆ ಬಂದ ಟೆಸ್ಟ್ ಕೇಸ್ ಪಾಸ್ ಆದ ಹಾಗೆ.

1943ರ ಜನವರಿ 21ರಂದು ಸುಕ್ಥಂಕರ್ ತೀರಿಕೊಂಡರು. ವಯಸ್ಸು ಇನ್ನೂ ಅರವತ್ತೂ ಆಗಿರಲಿಲ್ಲ. ಭೀಷ್ಮ, ದ್ರೋಣ, ಕರ್ಣ, ಶಾಂತಿಪರ್ವ, ಅಂದರೆ ಗ್ರಂಥದ ದೊಡ್ಡ ಪಾಲು, ಬಾಕಿ ಇತ್ತು. ನಮ್ಮ ಕಡೆ ಇಂಥ ಒಬ್ಬ ಆರ್ಕಿಟೆಕ್ಟ್ ರಾಜೀನಾಮೆ ಕೊಟ್ಟರೇ ಪ್ರಾಜೆಕ್ಟ್ ಮಲಗುತ್ತೆ, ಎರಡು ವಾರದ ನಾಲೆಡ್ಜ್ ಟ್ರಾನ್ಸ್‌ಫರ್ ಅಂತ ರೆಕಾರ್ಡಿಂಗ್ ಮಾಡಿ ಯಾರೂ ನೋಡಲ್ಲ. ಅಲ್ಲಿ ಎಸ್. ಕೆ. ಬೇಲ್ವಲ್ಕರ್ ಮುಂದುವರಿಸಿದರು. 1947ರಲ್ಲಿ ಲಾಹೋರ್, ಢಾಕಾ ಎರಡೂ ಬೇರೆ ದೇಶಕ್ಕೆ ಹೋದವು, ಆದರೂ ಕೆಲಸ ನಡೆಯಿತು. ಬೇಲ್ವಲ್ಕರ್ ಬಳಿಕ 1961ರಲ್ಲಿ ಪಿ. ಎಲ್. ವೈದ್ಯ ಬಂದರು. 1966ರ ಸೆಪ್ಟೆಂಬರ್ 22ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಆವೃತ್ತಿ ಪೂರ್ಣವಾಯಿತು ಎಂದು ಘೋಷಿಸಿದರು. ಮೂವರು ಪ್ರಧಾನ ಸಂಪಾದಕರು ಒಬ್ಬರಾದ ಮೇಲೊಬ್ಬರು ಬಂದರೂ ಕೆಲಸ ಹಳಿ ತಪ್ಪಲಿಲ್ಲ. ಯಾಕಂದ್ರೆ ಸುಕ್ಥಂಕರ್ ತಮ್ಮ ತಲೆಯಲ್ಲಿದ್ದ ನಿಯಮಗಳನ್ನೆಲ್ಲ ಆದಿಪರ್ವದ ದೀರ್ಘ ಪ್ರಸ್ತಾವನೆಯಲ್ಲಿ ಉದಾಹರಣೆ ಸಮೇತ ಬರೆದಿಟ್ಟಿದ್ದರು. ಪ್ರಾಜೆಕ್ಟ್ ಮುಗಿದ ಮೇಲಲ್ಲ, ಮೊದಲ ಪರ್ವ ಮುಗಿದಾಗಲೇ.

ಇದನ್ನೆಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ದುಡ್ಡಿಗೆ ಸಂಸ್ಥಾನಗಳ ಬಾಗಿಲು ಬಡಿಯಬೇಕಿತ್ತು. ಮುಖಪುಟದಲ್ಲಿ ಸಂಪಾದಕರ ಹೆಸರು ಉಳಿಯಿತು, ವರ್ಷಗಟ್ಟಲೆ ಕಣ್ಣು ಸವೆಸಿ ಚೌಕ ತುಂಬಿದ ಶಾಸ್ತ್ರಿಗಳ ಹೆಸರು ಜನರ ಬಾಯಲ್ಲಿ ಉಳಿಯಲಿಲ್ಲ. ಇದು ನನಗೆ ಈಗಲೂ ಚುಚ್ಚುತ್ತೆ. ನಮ್ಮ ಡೆಮೊಗಳಲ್ಲಿ ಟೆಸ್ಟಿಂಗ್ ಟೀಮಿನ ಹೆಸರು ಎಷ್ಟು ಸಲ ಬರುತ್ತೆ ಹೇಳಿ?

ನಿಮಗೆ ಈ ಪಾಠ ನೋಡಬೇಕು ಅನ್ನಿಸಿದರೆ ಸಂಪುಟಗಳನ್ನು ಹುಡುಕಲೇಬೇಕೆಂದಿಲ್ಲ. ಜಪಾನಿನ ಮುನೇಒ ತೊಕುನಾಗ ಮತ್ತು ಅವರ ಜೊತೆಗಾರರು ಇಡೀ ಪಾಠವನ್ನು ಕಂಪ್ಯೂಟರಿಗೆ ಊಡಿಸಿದರು. ಕೇಂಬ್ರಿಜ್‌ನ ಜಾನ್ ಸ್ಮಿತ್ ಮತ್ತು ಅವರ ಜೊತೆಗಾರರು ಅದನ್ನು ಪರಿಷ್ಕರಿಸಿದರು. ಭಂಡಾರ್ಕರ್ ಸಂಸ್ಥೆಯ ಹೆಸರಿನಲ್ಲಿ 1999ರ ಆ ಫೈಲು ಅಂತರ್ಜಾಲದಲ್ಲಿದೆ, ಸರ್ಚ್ ಮಾಡಬಹುದು. ಇಲ್ಲೂ ನೋಡಿ, ಟೈಪ್ ಮಾಡಿದವರು ಒಬ್ಬರು, ತಿದ್ದಿದವರು ಇನ್ನೊಬ್ಬರು.