ಹೊಲಿಗೆಯಾಕೆ ಹೇಳಿದ ಮಾತು

1895ರ ಸಂಗತಿ. ಅಮೆರಿಕದ ಆ್ಯನ್ ಆರ್ಬರ್ ಊರಿನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು, ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಡಾ. ಆಲ್ಡ್ರೆಡ್ ವಾರ್ಥಿನ್ ಅವರೊಡನೆ ತನ್ನ ಮನೆತನದ ಸಂಕಟವನ್ನು ತೋಡಿಕೊಂಡಳು. ಅವಳ ಬಂಧುಗಳಲ್ಲಿ ಅನೇಕರು ಹೊಟ್ಟೆ, ಕರುಳು, ಗರ್ಭಕೋಶಗಳ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ತನಗೂ ಅದೇ ಗತಿಯೆಂದು ಆಕೆ ನಂಬಿದ್ದಳು. ಮುಂದೆ ಹಾಗೆಯೇ ಆಯಿತು. ಗರ್ಭಕೋಶದ ಕ್ಯಾನ್ಸರಿಗೆ ಆಕೆ ಬಲಿಯಾದಳು.

ವಾರ್ಥಿನ್ ಇದನ್ನು ಹಣೆಬರಹವೆಂದು ಬಿಡಲಿಲ್ಲ. ಆ ಮನೆತನದ ವಂಶಾವಳಿಯನ್ನು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದರು. ವೈದ್ಯಸಾಹಿತ್ಯದಲ್ಲಿ 'ಜಿ' ಕುಟುಂಬವೆಂದು ಹೆಸರಾದುದು ಇದೇ. 1966ರಲ್ಲಿ ಡಾ. ಹೆನ್ರಿ ಲಿಂಚ್ ಇಂಥವೇ ಇನ್ನೆರಡು ಕುಟುಂಬಗಳನ್ನು ವರ್ಣಿಸಿದರು. ಕ್ಯಾನ್ಸರ್ ವಂಶದಲ್ಲಿ ಇಳಿದು ಬರಬಹುದೆಂಬ ಅವರ ಮಾತನ್ನು ಬಹುಕಾಲ ಹಲವರು ನಂಬಲಿಲ್ಲ. ಇಂದು ಆ ಅನುವಂಶೀಯ ದೋಷಕ್ಕೆ ಅವರದೇ ಹೆಸರು: ಲಿಂಚ್ ಸಿಂಡ್ರೋಮ್.

ಇದರ ಗುಟ್ಟು ಬಯಲಾದುದು 1993ರಲ್ಲಿ. ಜೀವಕೋಶ ಒಡೆದು ಎರಡಾಗುವ ಮೊದಲು ಅದರ ಡಿ.ಎನ್.ಎ. ನಕಲಾಗುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದುವವರಿರುವಂತೆ, ಈ ನಕಲಿನ ತಪ್ಪುಗಳನ್ನು ತಿದ್ದಿಸುವ ಜೀನ್‌ಗಳಿವೆ. ಅವುಗಳಲ್ಲೊಂದಾದ ಎಂ.ಎಸ್.ಎಚ್.2 ಆ ವರ್ಷ ಪತ್ತೆಯಾಯಿತು. ತಿದ್ದುವ ಕೆಲಸ ನಿಂತರೆ, ಒಂದೇ ಅಕ್ಷರಗಳು ಮರುಕಳಿಸುವ ಡಿ.ಎನ್.ಎ. ತುಣುಕುಗಳು ಕ್ಯಾನ್ಸರ್ ಗಡ್ಡೆಯಲ್ಲಿ ಉದ್ದವೋ ಗಿಡ್ಡವೋ ಆಗುತ್ತವೆ. ಇದೇ ರೋಗದ ಗುರುತು.

ಮೊದಲು ಇಂಥ ತುಣುಕುಗಳ ಪಟ್ಟಿಗಳನ್ನು ಎಕ್ಸ್‌ರೇ ಫಿಲ್ಮಿನ ಮೇಲೆ ಕಣ್ಣಿಟ್ಟು ಓದಬೇಕಿತ್ತು. ಡಿ.ಎನ್.ಎ.ಗೆ ಹೊಳೆಯುವ ಬಣ್ಣ ಹಚ್ಚಿ, ಲೇಸರ್ ಬೆಳಕಿನಿಂದ ಯಂತ್ರವೇ ಓದುವ ವಿಧಾನವನ್ನು 1986ರಲ್ಲಿ ಕ್ಯಾಲಿಫೋರ್ನಿಯಾದ ಲೆರಾಯ್ ಹುಡ್ ಅವರ ಪ್ರಯೋಗಾಲಯ ಪ್ರಕಟಿಸಿತು. ಅದರ ಪೀಳಿಗೆಯ ಯಂತ್ರಗಳು ಇಂದು ಅನೇಕ ರೋಗಿಗಳ ಮಾದರಿಗಳನ್ನು ಒಟ್ಟಿಗೆ ಅಳೆಯುತ್ತವೆ. 'ಜಿ' ಕುಟುಂಬದ ದೋಷವೂ ಎಂ.ಎಸ್.ಎಚ್.2ರಲ್ಲೇ ಇದೆಯೆಂಬ ವಿವರ ಮುಂದೆ ಪ್ರಕಟವಾಯಿತು. ಹೊಲಿಗೆಯಾಕೆಯ ಮಾತು ದಿಟವೆನಿಸಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು!

ಈ ದೋಷ ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಬಂದವರೆಲ್ಲರಿಗೂ ಕ್ಯಾನ್ಸರ್ ಆಗಲೇಬೇಕೆಂದಿಲ್ಲ. ಮೊದಲೇ ತಿಳಿದರೆ, ಕಾಲಕಾಲಕ್ಕೆ ಕೊಲೊನೋಸ್ಕೋಪಿ ಮಾಡಿಸಿ, ಕರುಳಿನ ಚಿಕ್ಕ ಗಂಟುಗಳನ್ನು ತೆಗೆಸಿ ಅಪಾಯವನ್ನು ಬಹಳಷ್ಟು ತಗ್ಗಿಸಬಹುದು. ಆದರೆ ಯಾರನ್ನು ಪರೀಕ್ಷಿಸಬೇಕೆಂಬ ಸುಳಿವು ಇಂದಿಗೂ ಎಷ್ಟೋ ವೇಳೆ ಮನೆಯವರ ಬಾಯಿಂದಲೇ ಬರಬೇಕು.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ "ದೊಡ್ಡಪ್ಪ ಹೊಟ್ಟೆನೋವಿನಿಂದ ಹೋದರು" ಎಂಬಷ್ಟೇ ನೆನಪು ಉಳಿದಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಹಿರಿಯರನ್ನು ಕೇಳಿ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತೆಂದು ಬರೆದಿಟ್ಟುಕೊಳ್ಳೋಣ. ವೈದ್ಯರಿಗೆ ತೋರಿಸಲು ಆ ಒಂದು ಹಾಳೆ ಸಾಕು.